ಕೌಲ್ ಬಜಾರ್ ಕಡೆ ಬೋರ್ಡ್ ಇಲ್ಲದ ಲೇತ್ ಅಂಗಡಿ: ಆಕ್ಸಲ್ ಸೂಪರ್, ಮೌಂಟ್ ಸುಮಾರು

ಬಳ್ಳಾರಿಯಾಗ ಲೇತ್ ಅಂಗಡಿಗೇನು ಬರ ಇಲ್ರಿ, ಸಂಡೂರು ಕಡೆಯಿಂದ ಅದಿರು ಲಾರಿ ಸಾಲುಗಟ್ಟಿ ಓಡ್ತಿದ್ದ ಊರು ಇದು, 2011ರಾಗ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸೋ ತನಕ ಹಗಲು ರಾತ್ರಿ ಅನ್ನದಂಗ. ಹಂಗಾಗಿ ಲಾರಿ ಪ್ರೊಪೆಲ್ಲರ್ ಶಾಫ್ಟ್, ಹಬ್ ಕೆಲಸದಾಗ ಪಳಗಿದ ಕೈ ಭಾಳ ಅದಾವು. ಆದ್ರ ಸಣ್ಣ ಕಾರಿಗೆ ಹೊಸ ಆಕ್ಸಲ್ ಮಾಡಿಕೊಡ್ರಿ ಅಂದ್ರ "ಎರಡು ತುಂಡು ಸೇರಿಸಿ ವೆಲ್ಡ್ ಹೊಡಿತೀನಿ ಬಿಡಣ್ಣ" ಅನ್ನೋರೇ ಜಾಸ್ತಿ.

ನಂದು ಹಳೇ ಮಾರುತಿ 800. ಅದರ 796 ಸಿಸಿ ಮೂರು ಸಿಲಿಂಡರ್ ತೆಗೆದು ಮಾರುತಿದೇ ಎಸ್ಟೀಮ್ ಕಾರಿಂದು 1298 ಸಿಸಿ ಇಂಜಿನ್, ಗೇರ್‌ಬಾಕ್ಸ್ ಸಮೇತ ಕೂಡಿಸೋದು ಪ್ಲಾನ್. ಒಳಗಿನ, ಅಂದ್ರ ಗೇರ್‌ಬಾಕ್ಸ್ ಕಡೆ, ಜಾಯಿಂಟ್ ಎಸ್ಟೀಮಿಂದು, ಚಕ್ರದ ಕಡೇದು 800ದು, ಇವೆರಡನ್ನ ಸೇರಿಸೋ ನಡುವಿನ ರಾಡ್, ಅಂದ್ರ ಆಕ್ಸಲ್, ಯಾವ ಗುಜರಿಯಾಗೂ ಸಿಗಂಗಿಲ್ಲ.

ಇಲ್ಲಿ ಮೇಸ್ತ್ರಿ ಮೊದಲು ರಾಡಿಗೆ ಕೈ ಹಾಕಲೇ ಇಲ್ಲ. ಮೌಂಟ್ (ಇಂಜಿನ್ ಹಿಡಿಯೋ ಬ್ರಾಕೆಟ್) ತಾತ್ಕಾಲಿಕ ಚುಕ್ಕಿ ಬೆಸುಗೆಯಿಂದ ಟ್ಯಾಕ್ ಹೊಡೆದು ಇಂಜಿನ್ ಕೂಡಿಸಿದ ಮ್ಯಾಲೇ ಅಳತಿ ಅಂದ್ರು. ಗಾಡಿ ಚಕ್ರದ ಮ್ಯಾಲೆ ನಿಂತಾಗ ಒಂದು ಅಳತಿ, ಜಾಕ್ ಹಾಕಿ ಚಕ್ರ ಜೋತಾಡುವಾಗ ಒಂದು, ಆಮ್ಯಾಲೆ ಸ್ಪ್ರಿಂಗ್ ಬಿಚ್ಚಿ ಚಕ್ರಾನ ಮ್ಯಾಲಕ್ಕೆ ಪೂರಾ ಎತ್ತಿ ಇನ್ನೊಂದು. ಯಾಕಂದ್ರ ಒಳಗಿನ ಜಾಯಿಂಟ್ ಹಿಂದಮುಂದ ಸರಿತಾ ಇರ್ತದ, ರಾಡ್ ಉದ್ದ ಆದ್ರ ಗುಂಡಿಯಾಗ ಬಿದ್ದಾಗ ಗೇರ್‌ಬಾಕ್ಸಿಗೆ ಗುದ್ದತದ, ಗಿಡ್ಡ ಆದ್ರ ಚಕ್ರ ಇಳಿಬಿದ್ದಾಗ ಕಪ್ಪಿನಿಂದ ಹೊರಗ ಬರ್ತದ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಉದ್ದ, ಅದನ್ನೂ ಬೇರೆ ಬೇರೆ ಅಳೆದ್ರು.

ವೆಲ್ಡ್ ಬೇಡ ಅಂತ ಅವರೇ ಹೇಳಿದ್ರು, ಬೆಸುಗೆ ಪಕ್ಕದಾಗ ಕಾವಿಗೆ ಕಬ್ಬಿಣದ ಗುಣ ಕೆಡ್ತದಂತ, ಮುರಿಯೋದೂ ಅಲ್ಲೇ. ಉಕ್ಕಿನಾಗ ಇಎನ್8 ಅನ್ನೋ ದರ್ಜೆ ಅಗ್ಗ, ಆದ್ರ ಅವರು ಅದಕ್ಕಿಂತ ಗಟ್ಟಿ ಇಎನ್24 ಬಾರ್ ತರಿಸಿ ಡಿವೈಡಿಂಗ್ ಹೆಡ್ (ಸುತ್ತನ್ನ ಸಮ ಭಾಗ ಮಾಡೋ ಸಾಧನ) ಇಟ್ಟು ಮಿಲ್ಲಿಂಗ್ ಮಷೀನಿನಾಗ ಸ್ಪ್ಲೈನ್ (ಜಾಯಿಂಟಿಗೆ ಕೂಡೋ ಹಲ್ಲು) ಕಡದ್ರು. ಹಾರ್ಡನಿಂಗಿಗೆ ಹೊರಗ ಕಳಿಸ್ತಾರ. ವಾಪಸ್ ಬಂದ ಮ್ಯಾಲೆ ಸೆಂಟರ್‌ಗೆ ಹಿಡಿದು ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಿದ್ರು, ಕಾವಿಗೆ ಒಂದು ಬಾಗಿತ್ತು, ಪ್ರೆಸ್ಸಿನಾಗ ನೆಟ್ಟಗ ಮಾಡಿ ಕೊಟ್ರು. ಇದನ್ನ ನಾ ಕೇಳಿರಲಿಲ್ಲ, ಕೇಳದೇ ಮಾಡಿದ್ದು ನೋಡ್ರಿ ನನಗ ಹಿಡಿಸಿದ್ದು. ಎಡ ಬಲ ಎರಡೂ ಆಕ್ಸಲ್ ಸೇರಿ ₹14,000 ಆತು. ಈಗ ಹೊಸಪೇಟೆ ರೋಡಿನಾಗ ಎಷ್ಟು ಎಳೆದ್ರೂ ಸ್ಟೀರಿಂಗ್ ನಡುಗಂಗಿಲ್ಲ, ತಿರುವಿನಾಗ ಟಕ್‌ಟಕ್ ಇಲ್ಲ.

ಮೌಂಟ್ ಬಗ್ಗೆ ಮಾತ್ರ ಅಷ್ಟು ಹೊಗಳಂಗಿಲ್ಲ. 6 ಎಂಎಂ ಪ್ಲೇಟು, ಮೂಲೆಗೆ ತ್ರಿಕೋನದ ಪಟ್ಟಿ, ಗಟ್ಟಿ ಅಂದ್ರ ಗಟ್ಟಿ, ಲಾರಿ ಕೆಲಸದ ಕೈ ಅಲ್ಲೇನ್ರಿ. ಆದ್ರ ಎಲ್ಲಾ ಕಡೆ ರಬ್ಬರಿಗಿಂತ ಬಿರುಸಾದ ಪಾಲಿಯುರೇಥೇನ್ ಬುಶ್ ತುಂಬಿಬಿಟ್ಟಾರ, ಐಡಲಿಂಗಿನಾಗ ಡ್ಯಾಶ್‌ಬೋರ್ಡು, ಕನ್ನಡಿ, ನನ್ನ ಹಲ್ಲು ಎಲ್ಲಾ ನಡುಗ್ತಿದ್ವು. ಎರಡು ಕಡೆ ರಬ್ಬರ್ ಬುಶ್ ಹಾಕಿಸಿ, ಇಂಜಿನ್ ಹಿಂದಮುಂದ ಹೊಳ್ಳದಂಗ ಹಿಡಿಯೋ ರಾಡಿಗೆ ಮಾತ್ರ ಪಾಲಿ ಉಳಿಸಿದ ಮ್ಯಾಲೆ ಮನೆಯವರು ಕಾರಿನಾಗ ಕೂತ್ರು. ಪ್ರೈಮರ್ ಸಹ ಹೊಡೆದಿರಲಿಲ್ಲ, ಬರೀ ಕರಿ ಸ್ಪ್ರೇ.

ಟೈಮ್ ಅಂತೂ ಕೇಳಲೇಬ್ಯಾಡ್ರಿ, ವಾರ ಅಂದದ್ದು ತಿಂಗಳ ದಾಟ್ತು, ಟಿಪ್ಪರ್ ಬಂತಂದ್ರ ನಿಮ್ಮ ಕಾರು ಮೂಲೆಗೆ. ಇಂಜಿನ್ ಬದಲಿಗೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಟಿಓ ಪರವಾನಗಿ ಬೇಕು, ಅದು ನಿಮ್ಮ ತಲೆನೋವು, ಅಂಗಡಿದಲ್ಲ.

ಹೋಗೋರು ಬೆಳಿಗ್ಗೆನೇ ಹೋಗ್ರಿ, ಹಳೇ ಜಾಯಿಂಟ್ ನಾಕೂ ಕೈಯಾಗಿರಲಿ, ರಬ್ಬರ್ ಬೂಟು, ಕ್ಲಿಪ್ಪು, ಜಾಯಿಂಟಿಗೆ ಹಾಕೋ ಕರಿ ಮಾಲಿ (ಮಾಲಿಬ್ಡಿನಮ್) ಗ್ರೀಸ್ ನೀವೇ ತಗೊಂಡು ಹೋಗ್ರಿ, ಇಲ್ಲಾಂದ್ರ ಲಾರಿ ಗ್ರೀಸೇ ತುಂಬಿ ಕಳಿಸ್ತಾರ.