ವೋಪೆಡ್: ಕಬ್ಬಿನ ತೂಕಕ್ಕೊಂದು ಪೆಟ್ರಿ ನೆಟ್

ಮಂಡ್ಯ ಕಡೆಯ ಕಬ್ಬಿನ ತೂಕದ ಕೆಲಸವನ್ನು ಚಿತ್ರಿಸಿ ಪರೀಕ್ಷಿಸಲು ವೋಪೆಡ್ (WoPeD) ಎಂಬ ಉಚಿತ ಜಾವಾ ತಂತ್ರಾಂಶ ಧಾರಾಳ ಸಾಕು. ಪೆಟ್ರಿ ನೆಟ್ ಅಂದರೆ ಕೆಲಸದ ಹೆಜ್ಜೆಗಳ ನಕ್ಷೆ: ಅದರಲ್ಲಿ ವೃತ್ತವೆಂದರೆ ಸ್ಥಿತಿ, ಚೌಕವೆಂದರೆ ಕೆಲಸ, ಟೋಕನ್ ಅಂದರೆ ಗಾಡಿ. ತುಂಬಿದ ಗಾಡಿ ತೂಗಿದ ಮೇಲೆ ದಾರಿ ಎರಡಾಗುತ್ತದೆ: ಕಬ್ಬು ಇಳಿಸಿ ಖಾಲಿ ಗಾಡಿ ತೂಗುವುದು ಒಂದು, ರೈತರ ಪಾಸ್‌ಬುಕ್ ತಾಳೆ ನೋಡುವುದು ಇನ್ನೊಂದು. ಎರಡೂ ಮುಗಿದರೇ ಬಿಲ್.

ಎಡವಟ್ಟಾಗುವುದು ಇಲ್ಲೇ. ಕವಲಿನಲ್ಲಿ ‘ಯಾವುದಾದರೂ ಒಂದು’ ಚಿಹ್ನೆ, ಕೂಡುವಲ್ಲಿ ‘ಎರಡೂ’ ಇಟ್ಟರೆ ಬಿಲ್ ಈ ಜನ್ಮದಲ್ಲಿ ಆಗದು. ಉಲ್ಟಾ ಮಾಡಿದರೆ ಒಂದೇ ಗಾಡಿಗೆ ಎರಡು ಬಿಲ್! ಟೋಕನ್ ಓಡಿಸಿ ನೋಡಿದರೆ ಕಣ್ಣಿಗೇ ಕಾಣುತ್ತದೆ, ಕೆಲಸ ಎಲ್ಲೂ ಸಿಕ್ಕಿಕೊಳ್ಳದೆ ಸರಿಯಾಗಿ ಮುಗಿಯುತ್ತದೆಯೇ ಎಂದು ನೋಡುವ ಸೌಂಡ್‌ನೆಸ್ ತಪಾಸಣೆಯೂ ಹಿಡಿಯುತ್ತದೆ. ಆರಂಭದ ವೃತ್ತ ಒಂದೇ, ಕೊನೆಯದೂ ಒಂದೇ ಇರಲಿ.

ಕೊರತೆಯೆಂದರೆ, ಟೋಕನ್‌ಗೆ ಟನ್ನಿನ ಲೆಕ್ಕ ಅಂಟಿಸಲಾಗದು. ಅದಕ್ಕೆ ಟೋಕನ್‌ಗೆ ಮಾಹಿತಿ ಅಂಟಿಸಬಲ್ಲ ಸಿಪಿಎನ್ ಟೂಲ್ಸ್‌ನಂಥ ತಂತ್ರಾಂಶ ಬೇಕು.