ಕಡೆಯುವ ಉಳಿಗಳಿಗೆ ಸಿಬಿಎನ್ ಸಾಣೆಚಕ್ರ: ಎರಡು ಮಳೆಗಾಲದ ಬಳಕೆಯ ನಂತರ

ಸಾಗರದ ಬಳಿಯ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಲೇತ್ ಇಟ್ಟುಕೊಂಡು ಹಲಸು, ಮತ್ತಿ, ಸಿಲ್ವರ್ ಓಕ್ ತುಂಡುಗಳಿಂದ ಬಟ್ಟಲು, ಲಟ್ಟಣಿಗೆಗಳನ್ನು ಕಡೆಯುವ ನಾನು, 8 ಇಂಚಿನ 180 ಗ್ರಿಟ್ (ಹರಳಿನ ನಯದ ಅಳತೆ) ಸಿಬಿಎನ್ ಚಕ್ರವನ್ನು ಕೊಂಡು ಎರಡು ಮಳೆಗಾಲ ಕಳೆದಿವೆ. ಸಿಬಿಎನ್ ಎಂದರೆ ಕ್ಯೂಬಿಕ್ ಬೋರಾನ್ ನೈಟ್ರೈಡ್. ವಜ್ರಕ್ಕೆ ಸಮೀಪದ ಗಡಸುತನವುಳ್ಳ ಇದರ ಹರಳುಗಳನ್ನು ಲೋಹದ ಚಕ್ರದ ಮೇಲೆ ಕೂರಿಸಿರುತ್ತಾರೆ.

ಇದರ ಬೆಲೆ ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲಿನ ಹಲವು ಪಟ್ಟು. ಆ ಹಣ ಸಾರ್ಥಕವೆನಿಸಿದ್ದು ಉಳಿ ಬೇಗ ಹರಿತವಾಗುತ್ತದೆ ಎಂಬುದಕ್ಕಿಂತ, ಬೆವೆಲ್‌ನ (ಉಳಿಯ ಬಾಯಿಯ ಇಳಿಜಾರು ಮುಖದ) ಕೋನ ಬದಲಾಗುವುದಿಲ್ಲ ಎಂಬುದಕ್ಕೆ. ಬಿಳಿ ಕಲ್ಲನ್ನು ಡ್ರೆಸರ್‌ನಿಂದ ಆಗಾಗ ಕೆರೆದು ಮಟ್ಟ ಮಾಡಬೇಕು. ಹಾಗೆ ಮಾಡಿದಷ್ಟೂ ಅದರ ವ್ಯಾಸ ಕುಗ್ಗಿ, ಉಳಿಯನ್ನು ನಿಗದಿತ ಕೋನದಲ್ಲಿ ಹಿಡಿದಿಡುವ ಜಿಗ್‌ನಲ್ಲಿ ಹಿಂದೆ ಗುರುತಿಟ್ಟ ಅಳತೆ ತಪ್ಪಿ, ಪ್ರತಿ ಸಲವೂ ಹೊಸ ಬೆವೆಲ್ ಮೂಡಿಸುವ ನೆಪದಲ್ಲಿ ದುಬಾರಿ ಉಕ್ಕು ಪುಡಿಯಾಗಿ ಹೋಗುತ್ತದೆ. ಈ ಚಕ್ರದಲ್ಲಿ, ತೋಡುಬಾಯಿಯ ಉಳಿಯಾದ ಬಟ್ಟಲಿನ ಗೌಜ್‌ಗೆ 55 ಡಿಗ್ರಿ, ಸಣ್ಣ ಗೌಜ್‌ಗೆ 40 ಡಿಗ್ರಿ ಎಂದು ಮೊದಲ ದಿನ ಇಟ್ಟ ಗುರುತುಗಳೇ ಇಂದಿಗೂ ನಡೆಯುತ್ತಿವೆ. ಬೆವೆಲ್‌ಗೆ ಮಾರ್ಕರ್ ಮಸಿ ಹಚ್ಚಿ ಚಕ್ರಕ್ಕೆ ಮೆಲ್ಲನೆ ತಾಗಿಸಿದರೆ ಮಸಿ ಹಿಮ್ಮಡಿಯಿಂದ ಬಾಯಿಯವರೆಗೆ ಒಂದೇ ಸಮನಾಗಿ ಅಳಿಯುತ್ತದೆ. ಮತ್ತೆರಡು ಸಲ ಹಗುರವಾಗಿ ಆಡಿಸಿದರೆ ಕೆಲಸ ಮುಗಿಯಿತು. ಓರೆಬಾಯಿಯ ಸ್ಕ್ಯೂ ಉಳಿಯನ್ನು ಮಾತ್ರ ಕೊನೆಗೆ ವಜ್ರದ ಪಟ್ಟಿಯ ಮೇಲೆ ತೀಡಿಕೊಳ್ಳುತ್ತೇನೆ.

ತೊಡಕುಗಳೂ ಇವೆ. ಚಕ್ರದ ತೂತನ್ನು ಶಾಫ್ಟಿಗೆ ಹೊಂದಿಸಲು ಮಾರಾಟಗಾರರು ಕಳಿಸಿದ ಬುಷ್ ನನ್ನ ಗ್ರೈಂಡರಿನ ಶಾಫ್ಟ್‌ಗೆ ಕೂರಲಿಲ್ಲ, ಬದಲಿಗಾಗಿ ಬರೆದ ಪತ್ರಗಳಿಗೆ ಉತ್ತರವೂ ಬರಲಿಲ್ಲ. ಕಡೆಗೆ ಶಿವಮೊಗ್ಗದ ಲೇತ್ ಅಂಗಡಿಯೊಂದರಲ್ಲಿ ಹೊಸದನ್ನು ಮಾಡಿಸಿದೆ. ಚಕ್ರ ಭಾರವಾದುದರಿಂದ, ಮಳೆಗಾಲದ ಸಂಜೆ ವೋಲ್ಟೇಜ್ ಕುಸಿದಾಗ ಅರ್ಧ ಎಚ್‌ಪಿ ಮೋಟಾರು ತನ್ನ ಪೂರ್ಣ ವೇಗವನ್ನು, ಅಂದರೆ ನಿಮಿಷಕ್ಕೆ ಸುಮಾರು 1,400 ಸುತ್ತುಗಳನ್ನು, ತಲುಪಲು ಏದುಸಿರು ಬಿಡುತ್ತದೆ.

ಲಾರಿಯ ಸ್ಪ್ರಿಂಗ್ ಪಟ್ಟೆಯಿಂದ ಕಮ್ಮಾರರು ಬಡಿದು ಹದ ಹಾಕಿಕೊಟ್ಟ ಹಳೆಯ ಉಳಿಗಳನ್ನು ನಾನು ಇದಕ್ಕೆ ತಾಗಿಸುವುದಿಲ್ಲ. ಹದವಿಲ್ಲದ ಮೆದು ಭಾಗ ತಾಗಿದರೆ ಹರಳುಗಳ ಸಂದು ಕಟ್ಟಿಕೊಳ್ಳುತ್ತದೆ. ಈಗಿನ ಕಡೆಯುವ ಉಳಿಗಳ ಹೈಸ್ಪೀಡ್ ಉಕ್ಕು ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಗಡಸುತನ ಉಳಿಸಿಕೊಳ್ಳುತ್ತದೆ, ಆದರೆ ಈ ಪಟ್ಟೆಯ ಉಳಿಗಳ ಬಾಯಿ ನೀಲಿಗೆ ತಿರುಗಿತೆಂದರೆ ಹದ ಹೋಯಿತೆಂದೇ ಅರ್ಥ. ಆದ್ದರಿಂದ ಗ್ರೈಂಡರಿನ ಇನ್ನೊಂದು ಬದಿಯಲ್ಲಿ ಬಿಳಿ ಕಲ್ಲನ್ನೂ, ಪಕ್ಕದಲ್ಲಿ ನೀರಿನ ಡಬ್ಬವನ್ನೂ ಉಳಿಸಿಕೊಂಡಿದ್ದೇನೆ. ವಾರಕ್ಕೊಮ್ಮೆ ಲೇತ್ ಮುಟ್ಟುವವರಿಗೆ ಆ ಬಿಳಿ ಕಲ್ಲು ಮತ್ತು ಒಂದು ಒಳ್ಳೆಯ ಡ್ರೆಸರ್ ಧಾರಾಳವಾಗಿ ಸಾಕು. ಸಿಬಿಎನ್ ಕೊಳ್ಳುವುದೇ ಆದರೆ ಅಲ್ಯೂಮಿನಿಯಂ ಒಡಲಿನದನ್ನು ಆರಿಸಿರಿ. ನನ್ನದು ಉಕ್ಕಿನದು, ಆಷಾಢದ ತೇವಕ್ಕೆ ಅದರ ಬದಿಗಳಲ್ಲಿ ತುಕ್ಕಿನ ಚುಕ್ಕೆಗಳು ಈಗಾಗಲೇ ಮೂಡಿವೆ.