ದಿನಕ್ಕೊಂದು ಹಾಳೆ: ನಮ್ಮ ಶಾಲೆಯ ಗೋಡೆಯ ಮೇಲೆ ಒಂದು ವರ್ಷ

ಇವತ್ತು ಬೆಳಿಗ್ಗೆ ತರಗತಿಯ ಗೋಡೆ ಕ್ಯಾಲೆಂಡರಿನಿಂದ ಡಿಸೆಂಬರ್ 10ರ ಹಾಳೆ ಹರಿದೆ. ಎಸ್. ನಿಜಲಿಂಗಪ್ಪನವರು ಹುಟ್ಟಿದ ದಿನ, 1902. ಇನ್ನು 21 ಹಾಳೆ ಉಳಿದಿವೆ. ಹೊಸ ವರ್ಷದ್ದು ಆಗಲೇ ಅಂಗಡಿಗೆ ಬಂದಿದೆ. ತಗೊಳ್ಳಬಹುದಾ ಅಂತ ಬೇರೆ ಶಾಲೆಯ ಇಬ್ಬರು ಶಿಕ್ಷಕಿಯರು ನನ್ನನ್ನು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿಗೆ ಪಾಠ ಮಾಡುತ್ತೇನೆ. ಪ್ರಾರ್ಥನೆ ಆದಮೇಲೆ ಒಂದು ಮಗು ಪೇಪರ್ ಸುದ್ದಿ ಓದುತ್ತದೆ, ಇನ್ನೊಂದು ಗಾದೆ ಹೇಳುತ್ತದೆ. ಅದರ ಜೊತೆಗೆ ನಾಡಿನಲ್ಲಿ ಅದೇ ದಿನ ನಡೆದ ಒಂದು ಸಂಗತಿಯೂ ಇರಲಿ ಅನ್ನಿಸಿತು. ಅದಕ್ಕೇ ಈ ಕ್ಯಾಲೆಂಡರ್ ತಂದೆ. ದಿನಕ್ಕೊಂದು ಹಾಳೆ ಹರಿಯುವಂಥದ್ದು. ಅಶೋಕ ರಸ್ತೆಯ ಅಂಗಡಿಯೊಂದರಲ್ಲಿ 220 ರೂಪಾಯಿ. ಅಚ್ಚು ಹಾಕಿದ್ದು ನಮ್ಮೂರಿನದೇ ಒಂದು ಪ್ರೆಸ್. ಅವರ ಹೆಸರು ಬರೆಯುವುದಿಲ್ಲ. ಸಿಕ್ಕಿದ ತಪ್ಪುಗಳನ್ನು ಅವರಿಗೇ ಕಾಗದ ಬರೆದು ತಿಳಿಸಿದ್ದೇನೆ, ಅವರು ತಿದ್ದಿಕೊಳ್ಳಲಿ.

ಹಾಳೆ ಅಂಗೈಗಿಂತ ಸ್ವಲ್ಪ ದೊಡ್ಡದು. ತಾರೀಕು ಹಿಂದಿನ ಬೆಂಚಿಗೂ ಕಾಣುವಷ್ಟು ದಪ್ಪ. ತಿಥಿ, ನಕ್ಷತ್ರ, ರಾಹುಕಾಲ ಮೂಲೆಯಲ್ಲಿ ಸಣ್ಣಗೆ. ಮುಂದೆ ಒಂದೇ ಸಾಲು, ಹಿಂದೆ ಏಳೆಂಟು ಸಾಲು ವಿವರ. ತೊಂದರೆ ಇರುವುದೇ ಇಲ್ಲಿ. ವಿವರ ಓದಬೇಕು ಅಂದರೆ ಹಾಳೆ ಹರಿಯಬೇಕು. ಬೆಳಿಗ್ಗೆ ಪ್ರಾರ್ಥನೆಗೇ ಹರಿದುಬಿಟ್ಟರೆ ಇಡೀ ದಿನ ಗೋಡೆಯ ಮೇಲೆ ನಾಳೆಯ ತಾರೀಕು. ಮೊದಲ ವಾರ ಅರ್ಧ ತರಗತಿ ನೋಟ್‌ಬುಕ್ಕಿನಲ್ಲಿ ನಾಳೆಯ ತಾರೀಕು ಹಾಕಿಕೊಂಡು ಕೂತಿತ್ತು. ಆಮೇಲೆ ಒಂದು ಕ್ಲಿಪ್ ತಂದೆ. ಓದಿದ ಹಾಳೆಯನ್ನು ಸಂಜೆವರೆಗೆ ಮತ್ತೆ ಮೇಲೆಯೇ ಸಿಕ್ಕಿಸುತ್ತೇವೆ. ವಿವರ ಮುಂದೆಯೇ ಹಾಕಿದರೆ ಈ ಕಷ್ಟವೇ ಇರುವುದಿಲ್ಲ, ಅಲ್ವಾ?

ಆದರೂ ಬರೆದವರಿಗೆ ಮಕ್ಕಳ ಮನಸ್ಸು ಗೊತ್ತಿದೆ. ಜುಲೈ 1ರ ಹಾಳೆ ನೋಡಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಬಂದ ದಿನ. ಹರ್ಮನ್ ಮೊಗ್ಲಿಂಗ್ ಹೊರಡಿಸಿದ್ದು. ಅಷ್ಟಕ್ಕೇ ಬಿಟ್ಟಿಲ್ಲ. ಅದನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕುತ್ತಿದ್ದರು ಅಂತಲೂ ಬರೆದಿದ್ದಾರೆ. 'ಮಿಸ್, ಕಲ್ಲಿನ ಮೇಲೆ ಹೆಂಗೆ ಬರೀತಾರೆ?' ಅಂತ ಒಬ್ಬ ಹುಡುಗ ಕೇಳಿದ. ಅವತ್ತು ಗಣಿತದ ಪಿರಿಯಡ್ ಪೂರ್ತಿ ಅದರಲ್ಲೇ ಹೋಯಿತು. ನುಣ್ಣಗೆ ಮಾಡಿದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆಯುವುದು, ಕಲ್ಲನ್ನು ಒದ್ದೆ ಮಾಡುವುದು, ಅಚ್ಚಿನ ಮಸಿ ಜಿಡ್ಡು ಇದ್ದ ಕಡೆ ಮಾತ್ರ ಹಿಡಿಯುವುದು. ಸ್ಲೇಟಿನ ಮೇಲೆ ಕೊಬ್ಬರಿ ಎಣ್ಣೆ, ನೀರು ಹಾಕಿ ತೋರಿಸಿದೆ. ಮಾರನೇ ದಿನ ಮನೆಯಿಂದ ಹಳೇ ಪೇಪರ್ ಕಟ್ಟು ಕಟ್ಟಾಗಿ ತಂದರು.

ನವೆಂಬರ್ 1ರ ಹಾಳೆಯೂ ಚೆನ್ನಾಗಿದೆ. ಎರಡು ವರ್ಷಗಳನ್ನು ಬೇರೆ ಬೇರೆಯಾಗಿ ಕೊಟ್ಟಿದ್ದಾರೆ. 1956ರಲ್ಲಿ ಕನ್ನಡದ ಊರುಗಳು ಒಂದಾದವು, ಆದರೆ ರಾಜ್ಯದ ಹೆಸರು ಮೈಸೂರು ಅಂತಲೇ ಇತ್ತು. ಕರ್ನಾಟಕ ಅಂತ ಆದದ್ದು 1973ರಲ್ಲಿ, ದೇವರಾಜ ಅರಸರ ಕಾಲಕ್ಕೆ. ದೊಡ್ಡವರೂ ಇದನ್ನು ಕಲಸಿಬಿಡುತ್ತಾರೆ. ಜುಲೈ 27ರ ಮೈಸೂರು ವಿಶ್ವವಿದ್ಯಾಲಯ, ಡಿಸೆಂಬರ್ 29ರ ಕುವೆಂಪು, ಇವೆಲ್ಲ ಎಲ್ಲ ಕ್ಯಾಲೆಂಡರಿನಲ್ಲೂ ಇರುವಂಥವು.

ಶಾಲೆಗೆ ತಗೊಳ್ಳುವವರಿಗೆ ಒಂದು ಮಾತು. ಒಳ್ಳೊಳ್ಳೆ ಹಾಳೆಗಳು ರಜದಲ್ಲೇ ಬರುತ್ತವೆ. ಏಪ್ರಿಲ್ 25, ವಿದುರಾಶ್ವತ್ಥ. 1938ರಲ್ಲಿ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ದಿನ. ಮೇ 5, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ ದಿನ. ಎರಡೂ ಬೇಸಿಗೆ ರಜದಲ್ಲಿ. ನಾನು ಕ್ಯಾಲೆಂಡರನ್ನು ಮನೆಗೆ ತಂದು, ಹರಿದ ಹಾಳೆಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡೆ. ಜೂನ್‌ನಲ್ಲಿ ದಿನಕ್ಕೆ ಎರಡರಂತೆ ಓದಿಸಿದೆ. ವಿದುರಾಶ್ವತ್ಥದ ಹಾಳೆ ಓದಿದ ಹುಡುಗಿ ಅರ್ಧಕ್ಕೆ ನಿಲ್ಲಿಸಿ, 'ಬಾವುಟ ಹಾರಿಸಿದ್ದಕ್ಕಾ ಮಿಸ್?' ಅಂದಳು. ಹೌದು ಅಂದೆ. ಅವಳು ಪೂರ್ತಿ ಓದಿ ಮುಗಿಸಿದಳು.

ದಸರಾ ರಜಕ್ಕೂ ಹೀಗೇ ಮನೆಗೆ ತಂದಿದ್ದೆ. ದೊಡ್ಡ ತಪ್ಪು ಸಿಕ್ಕಿದ್ದು ಆಗ. ನಮ್ಮ ಮಾವನವರು ಹರಪನಹಳ್ಳಿಯವರು, ಈಗ 84 ವರ್ಷ. ಅಕ್ಟೋಬರ್ 1ರಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ಹಾಳೆ ನೋಡಿದರು. ಅದರಲ್ಲಿ ಇದ್ದದ್ದು ಹಿರಿಯ ನಾಗರಿಕರ ದಿನ ಅಂತ ಮಾತ್ರ. 'ಬಳ್ಳಾರಿದು ಎಲ್ಲೈತಮ್ಮಾ?' ಅಂತ ಕೇಳಿದರು. ಮುಂದಿನ ಹಾಳೆಗಳನ್ನು ಎತ್ತಿ ನೋಡಿದೆವು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದನ್ನು ನವೆಂಬರ್ 1ರ ಹಾಳೆಯ ಕೊನೆಯಲ್ಲಿ, 1956ರ ಲೆಕ್ಕಕ್ಕೆ ಹಾಕಿಬಿಟ್ಟಿದ್ದಾರೆ. ಅದು ತಪ್ಪು. ಆಂಧ್ರ ರಾಜ್ಯ ಹುಟ್ಟಿದ ದಿನವೇ, ಅಂದರೆ 1953ರ ಅಕ್ಟೋಬರ್ 1ಕ್ಕೇ, ಬಳ್ಳಾರಿ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಹೊಸಪೇಟೆ ಎಲ್ಲ ಈ ಕಡೆ ಬಂದವು. ಮಾವನವರಿಗೆ ಆಗ 12 ವರ್ಷ. ಶಾಲೆಯಲ್ಲಿ ಪೆಪ್ಪರಮೆಂಟು ಹಂಚಿದ್ದರಂತೆ. 'ನಾನು ಹುಟ್ಟಿದ್ದು ಮದ್ರಾಸು ಪ್ರಾಂತ್ಯದಾಗ, ಅದನ್ನ ಸುಮ್ನೆ ಮೂರು ವರ್ಷ ಮುಂದಕ್ಕೆ ಹಾಕಿದ್ರೆ ಹೆಂಗ?' ಅಂದರು.

ಆಮೇಲೆ ಕೂತು ಹರಪನಹಳ್ಳಿಯ ವಿಳಾಸಗಳನ್ನು ಒಂದೊಂದಾಗಿ ಹೇಳಿದರು. ನಾನು ಅದೇ ಹಾಳೆಯ ಹಿಂದೆ ಬರೆದುಕೊಂಡೆ. ಮೊದಲು ಮದ್ರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1953ಕ್ಕೆ ಮೈಸೂರು ರಾಜ್ಯದ ಬಳ್ಳಾರಿ ಜಿಲ್ಲೆ. 1997ಕ್ಕೆ ದಾವಣಗೆರೆ ಜಿಲ್ಲೆ. 2018ರಲ್ಲಿ ವಾಪಸ್ ಬಳ್ಳಾರಿ. 2021ರಲ್ಲಿ ವಿಜಯನಗರ. ಮನೆ ಅದೇ, ಬಾಗಿಲೂ ಅದೇ. ನಿಜಲಿಂಗಪ್ಪನವರು ಹುಟ್ಟಿದ ಹಲುವಾಗಲು ಇರುವುದೂ ಅದೇ ತಾಲ್ಲೂಕಿನಲ್ಲಿ. ಮದ್ರಾಸು ಪ್ರಾಂತ್ಯದ ಹಳ್ಳಿಯಲ್ಲಿ ಹುಟ್ಟಿದವರು ಮುಂದೆ ಒಂದಾದ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. ಇವತ್ತಿನ ಹಾಳೆಯಲ್ಲಿ ಈ ಒಂದು ಸಾಲು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಇಲ್ಲ. ನಾನೇ ಬಾಯಲ್ಲಿ ಹೇಳಿದೆ.

ತಾರೀಕು ತಪ್ಪಾದದ್ದಕ್ಕಿಂತ ನನಗೆ ಜಾಸ್ತಿ ಬೇಜಾರಾದದ್ದು ಆಗಸ್ಟ್ 15ರ ಹಾಳೆ. ಸ್ವಾತಂತ್ರ್ಯ ಇದೆ. ಸಂಗೊಳ್ಳಿ ರಾಯಣ್ಣ ಹುಟ್ಟಿದ ದಿನ ಅಂತಲೂ ಇದೆ. ನಮ್ಮ ಜಿಲ್ಲೆ ಇಲ್ಲ! 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆಯಿತು. ಆಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು, ಇಲ್ಲೇ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ. ಹರಪನಹಳ್ಳಿ ಬಳ್ಳಾರಿಯಿಂದ. ದಾವಣಗೆರೆಯಲ್ಲೇ ಅಚ್ಚಾದ ಕ್ಯಾಲೆಂಡರಿನಲ್ಲಿ ದಾವಣಗೆರೆಗೆ ಜಾಗ ಇಲ್ಲ ಅಂದರೆ ಏನು ಹೇಳುವುದು? ನಮ್ಮ ಮಕ್ಕಳಿಗೆ ಚರಿತ್ರೆ ಅಂದರೆ ಬೆಂಗಳೂರು, ಮೈಸೂರು, ಕಿತ್ತೂರು. ತಮ್ಮ ಊರಿಗೂ ಒಂದು ತಾರೀಕು ಇದೆ ಅಂತ ಅವರಿಗೆ ಅನ್ನಿಸಬೇಕು. ಹಾಗಾಗಿ ಬಾವುಟ ಹಾರಿಸಿದ ಮೇಲೆ ಒಬ್ಬ ಹುಡುಗನ ಕೈಯಲ್ಲಿ ಆ ಹಾಳೆಯ ಕೆಳಗೆ ಕೆಂಪು ಪೆನ್ನಿನಲ್ಲಿ ಬರೆಸಿದೆ.

ಪಕ್ಕದ ಚಿತ್ರದುರ್ಗಕ್ಕೆ ಪರವಾಗಿಲ್ಲ. ವಾಣಿವಿಲಾಸ ಸಾಗರಕ್ಕೆ ಸೆಪ್ಟೆಂಬರ್‌ನಲ್ಲಿ ಒಂದು ಹಾಳೆ ಕೊಟ್ಟಿದ್ದಾರೆ. 1907ರಲ್ಲಿ ಕಟ್ಟಿ ಮುಗಿಸಿದ್ದು, 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ 89 ವರ್ಷ ಕಾದು 2022ರಲ್ಲಿ ಬಿದ್ದದ್ದು. ನನ್ನ ತವರು ಹಿರಿಯೂರು ಕಡೆ. ನಾವು ಈಗಲೂ ಮಾರಿಕಣಿವೆ ಅಂತಲೇ ಕರೆಯುವುದು. ನಮ್ಮಜ್ಜಿ ಚಿಕ್ಕ ಹುಡುಗಿಯಾಗಿದ್ದಾಗ ಕೋಡಿ ನೋಡಿದ್ದರಂತೆ, ಅಪ್ಪನಿಗೆ ನೋಡಲು ಸಿಗಲೇ ಇಲ್ಲ. 2022ರಲ್ಲಿ ನಾನು, ಅಣ್ಣ, ಅತ್ತಿಗೆ ಹೋಗಿ ಆ ನೀರು ಮುಟ್ಟಿ ಬಂದೆವು. ಆ ಹಾಳೆಯನ್ನು ಮಕ್ಕಳಿಗೆ ಓದಲು ಕೊಡದೆ ನಾನೇ ಓದಿದೆ.

ನವೆಂಬರ್ 11ರ ಹಾಳೆಯಲ್ಲಿ ಒನಕೆ ಓಬವ್ವ ಜಯಂತಿ ಇತ್ತು. ತಿಂಗಳ ಕೊನೆಗೆ ಪ್ರವಾಸ ಹೋದೆವು. ಸೀಬಾರದಲ್ಲಿ ನಿಜಲಿಂಗಪ್ಪನವರ ಸಮಾಧಿ ನೋಡಿ, ಆಮೇಲೆ ಕೋಟೆ. ಓಬವ್ವನ ಕಿಂಡಿಯಲ್ಲಿ ಮಕ್ಕಳು ಒಬ್ಬೊಬ್ಬರೇ ಬಗ್ಗಿ ನೋಡಿದರು. ಅಲ್ಲೇ ಒಬ್ಬಳು ಕೇಳಿದಳು: 'ಮಿಸ್, ಜಯಂತಿ ಸರಿ. ಒನಕೆ ಹಿಡಿದು ನಿಂತಳಲ್ಲ, ಆ ದಿನದ ಹಾಳೆ ಯಾವುದು?' ಆ ದಿನವನ್ನು ಯಾರೂ ಬರೆದಿಡಲಿಲ್ಲ ಕಣಮ್ಮ ಅಂದೆ. ಗಂಡ ಕಾವಲುಗಾರ, ಊಟಕ್ಕೆ ಮನೆಗೆ ಬಂದಿದ್ದ. ಅವಳು ನೀರು ತರಲು ಹೋದವಳು. ಹೈದರಾಲಿಗೆ 1779ರಲ್ಲಿ ಕೋಟೆ ಸಿಕ್ಕಿತು, ಅದು ಪುಸ್ತಕದಲ್ಲಿ ಇದೆ. ನೀರಿಗೆ ಹೋದ ಹೆಂಗಸಿನ ತಾರೀಕು ಇಲ್ಲ.

ಅವತ್ತಿಂದ ಈ ಕ್ಯಾಲೆಂಡರನ್ನು ನಾನು ನೋಡುವ ರೀತಿ ಬದಲಾಯಿತು. ತಾರೀಕು ಉಳಿದವರಿಗೆ ಮಾತ್ರ ಇಲ್ಲಿ ಹಾಳೆ. ಸೂಳೆಕೆರೆ ಕಟ್ಟಿಸಿದಳು ಅಂತ ಜನ ಹೇಳುತ್ತಾ ಬಂದಿರುವ ಶಾಂತವ್ವನಿಗೆ ಇಲ್ಲ. ಮೊಳಕಾಲ್ಮೂರಿನ ಬ್ರಹ್ಮಗಿರಿ ಹತ್ತಿರ ಬಂಡೆಯ ಮೇಲೆ ಅಶೋಕನ ಶಾಸನ ಕೆತ್ತಿದ ಕೈಗೆ ಇಲ್ಲ. ಬಿ.ಎಲ್. ರೈಸ್ 1892ರಲ್ಲಿ ಆ ಶಾಸನ ಪತ್ತೆ ಮಾಡಿದರು, ಅದೂ ಇಲ್ಲ. ಅದೇ ಹೊತ್ತಿಗೆ ವಿಶ್ವ ಇದರ ದಿನ, ವಿಶ್ವ ಅದರ ದಿನ ಅಂತ 40ಕ್ಕೂ ಹೆಚ್ಚು ಹಾಳೆ ತುಂಬಿಸಿದ್ದಾರೆ. ಎಣಿಸಿದ್ದೇನೆ. ಪ್ರೆಸ್‌ನವರಿಗೆ ಬರೆದ ಕಾಗದದಲ್ಲಿ ಇದನ್ನೇ ಜಾಸ್ತಿ ಒತ್ತಿ ಬರೆದೆ. ಅಂಥ ಹಾಳೆಗಳಲ್ಲಿ ತಿಂಗಳಿಗೆ ಒಂದನ್ನಾದರೂ ತಾರೀಕು ಗೊತ್ತಿಲ್ಲದವರಿಗೆ ಕೊಡಿ. ಇಂಥ ದಿನ ಅಂತ ಹೇಳಬೇಡಿ, ಇಂಥವರು ಇದ್ದರು ಅಂತ ಹೇಳಿ ಸಾಕು.

ಇಷ್ಟೆಲ್ಲ ಇದ್ದರೂ ತಗೊಳ್ಳಿ ಅಂತಲೇ ಹೇಳುತ್ತೇನೆ. ಒಂದು ಹಾಳೆಗೆ ಒಂದು ರೂಪಾಯಿಯೂ ಬೀಳುವುದಿಲ್ಲ. ಅಷ್ಟಕ್ಕೆ 38 ಮಕ್ಕಳು ದಿನಾ ಬೆಳಿಗ್ಗೆ 'ಇವತ್ತೇನು ಮಿಸ್?' ಅಂತ ಕೇಳುತ್ತಾರೆ. ಅಂಗಡಿಯಲ್ಲೇ ಬಿಚ್ಚಿ ನೋಡಿ. ಮೇಲಿನ ತಗಡಿನ ಪಟ್ಟಿ ಬಿಗಿಯಾಗಿದೆಯಾ, ಹಾಳೆಗಳು ಸಾಲಾಗಿವೆಯಾ ಅಂತ. ನನ್ನದರಲ್ಲಿ ಮಾರ್ಚ್ 3 ಎರಡು ಸಲ ಇತ್ತು, ಮಾರ್ಚ್ 4 ಇರಲೇ ಇಲ್ಲ. ಕನ್ನಡದ ಮೊದಲ ಮಾತಿನ ಸಿನಿಮಾ 1934ರಲ್ಲಿ ಬಂದ ದಿನ ಅದು, ಎರಡು ದಿನ ಅದನ್ನೇ ಓದಿದೆವು. ಈ ಸಲ ಎರಡು ಪ್ರತಿ ಹೇಳಿ ಇಟ್ಟಿದ್ದೇನೆ. ಒಂದು ಶಾಲೆಗೆ. ಇನ್ನೊಂದು ಮಾವನವರಿಗೆ, ಕೆಂಪು ಪೆನ್ನಿನ ಜೊತೆ.